ಸೆಕ್ಟರ್ ಫೈವ್‌ನ ಟೇಬಲ್ ಕಾಲ

ಕಲ್ಕತ್ತಾ ಸರ್ಕಾರಿ ದಾಖಲೆಯಲ್ಲಿ ಕೋಲ್ಕತಾ ಆದದ್ದು 2001ರ ಜನವರಿಯಲ್ಲಿ. ಆ ವರ್ಷವೇ ನಾನು ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಕೆಲಸಕ್ಕೆ ಸೇರಿದೆ. ಭಾವನಿಗೆ ಗಾರ್ಡನ್ ರೀಚ್‌ನ ರೈಲ್ವೆ ಕಚೇರಿಯಲ್ಲಿ ನೌಕರಿ, ಅಕ್ಕನ ಮನೆ ಲೇಕ್ ಮಾರ್ಕೆಟ್ ಹತ್ತಿರ. ಊರಲ್ಲಿ ನೆಂಟರಿಗೆಲ್ಲ ಆಶ್ಚರ್ಯ. ಕಂಪ್ಯೂಟರ್ ಕೆಲಸಕ್ಕೆಂದು ದೇಶವೇ ಬೆಂಗಳೂರಿಗೆ ಬರುತ್ತಿರುವಾಗ ಇವನು ಬೆಂಗಳೂರು ಬಿಟ್ಟು ಹೌರಾ ರೈಲು ಹತ್ತುತ್ತಾನಲ್ಲ!

ವಿದೇಶದ ಗಿರಾಕಿಗಳು ಫೋಟೊಶಾಪ್‌ನಲ್ಲಿ ಮಾಡಿದ ಚಿತ್ರ ಕಳಿಸುವರು. ಅದನ್ನು ಚೂರುಚೂರಾಗಿ ಕತ್ತರಿಸಿ, ಟೇಬಲ್‌ನ ಮನೆಗಳಲ್ಲಿ ಕೂರಿಸಿ ವೆಬ್ ಪುಟ ಕಟ್ಟುವುದು ನಮ್ಮ ಕೆಲಸ. ಟೇಬಲ್ ಒಳಗೆ ಟೇಬಲ್, ಅದರೊಳಗೆ ಮತ್ತೊಂದು. ಎಲ್ಲಾದರೂ ಜಾಗ ಕುಸಿದರೆ ಒಂದೇ ಪಿಕ್ಸೆಲ್‌ನ ಪಾರದರ್ಶಕ ಜಿಫ್ ಚಿತ್ರವನ್ನು ಬೇಕಾದಷ್ಟು ಹಿಗ್ಗಿಸಿ ತುರುಕುತ್ತಿದ್ದೆವು. ಕಣ್ಣಿಗೆ ಕಾಣದ ಆ ಚಿತ್ರ ಇಲ್ಲದಿದ್ದರೆ ಆ ಕಾಲದ ಅರ್ಧ ಅಂತರ್ಜಾಲ ಮಗುಚಿ ಬೀಳುತ್ತಿತ್ತು. ನೆಟ್‌ಸ್ಕೇಪ್‌ಗೆ ಒಂದು ಲೆಕ್ಕ, ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಇನ್ನೊಂದು. ಸಲಕರಣೆ ಬೇಕಾದರೆ ಚಾಂದ್ನಿ ಚೌಕಿಗೆ ಹೋಗಬೇಕು. ಮೌಸ್, ಮೋಡೆಮ್‌ಗಳ ಪಕ್ಕದಲ್ಲಿ ಡ್ರೀಮ್‌ವೀವರ್, ಫ್ಲ್ಯಾಶ್ ತುಂಬಿದ ಸಿಡಿಗಳೂ ಫುಟ್‌ಪಾತಿನ ಮೇಲೆ ಹರಡಿರುತ್ತಿದ್ದವು. ಲೈಸೆನ್ಸ್ ಕೇಳುವಷ್ಟು ಸಜ್ಜನರು ಆ ಕಡೆ ಸುಳಿಯುತ್ತಿರಲಿಲ್ಲ.

2003ರ ಮೇ ತಿಂಗಳಲ್ಲಿ ಕೆನಡಾದ ಡೇವ್ ಶೇ ಎಂಬಾತ ‘ಸಿಎಸ್‌ಎಸ್ ಝೆನ್ ಗಾರ್ಡನ್’ ಎಂಬ ತಾಣ ತೆರೆದ. ಅಲ್ಲಿ ಎಚ್‌ಟಿಎಂಎಲ್ ಕಡತ ಒಂದೇ, ಅದರ ಒಂದಕ್ಷರವೂ ಬದಲಾಗದು. ಸ್ಟೈಲ್‌ಶೀಟ್ ಬದಲಿಸಿದರೆ ಸಾಕು, ಅದೇ ಪುಟ ಒಮ್ಮೆ ಜಪಾನಿನ ತೋಟ, ಒಮ್ಮೆ ಹಳೆಯ ಸಿನಿಮಾ ಪೋಸ್ಟರು. ಆಫೀಸಿನಲ್ಲಿ ನಾವು ನಾಲ್ಕೈದು ಜನ ಊಟ ಬಿಟ್ಟು ಅದನ್ನೇ ನೋಡುತ್ತಾ ಕೂತೆವು. ಸಿಎಸ್‌ಎಸ್‌ನ ಮೊದಲ ಶಿಫಾರಸು 1996ರಲ್ಲೇ ಬಂದಿತ್ತು. ಬ್ರೌಸರ್‌ಗಳು ಅದನ್ನು ನೆಟ್ಟಗೆ ಪಾಲಿಸದ ಕಾರಣ ಏಳು ವರ್ಷದ ಹಳೆಯ ವಿದ್ಯೆ ನಮಗೆ ಹೊಸದಾಗಿ ಕಂಡಿತು. ಜೆಫ್ರಿ ಜೆಲ್ಡ್‌ಮನ್ ವೆಬ್ ಮಾನಕಗಳ ಬಗ್ಗೆ ಬರೆದ ಪುಸ್ತಕವೂ ಅದೇ ವರ್ಷ ಹೊರಬಂತು. ಒಂದೇ ಪ್ರತಿ, ಕೈಯಿಂದ ಕೈಗೆ ಹೋಗಿ ಹೊದಿಕೆ ಕಿತ್ತುಬಂದಿತ್ತು. ಹೊಸದಾಗಿ ದೀಕ್ಷೆ ಪಡೆದವರ ಹಾಗೆ ನಾವು ಸಿಕ್ಕಸಿಕ್ಕವರಿಗೆಲ್ಲ ಉಪದೇಶ ಮಾಡತೊಡಗಿದೆವು.

ಉಪದೇಶ ಯಾರಿಗೂ ನಾಟಲಿಲ್ಲ. ಗರಿಯಾಹಾಟಿನ ಸೀರೆ ಅಂಗಡಿಯ ಯಜಮಾನರಿಗೆ ಟೇಬಲ್ಲಿನ ಪುಟ, ಸ್ಟೈಲ್‌ಶೀಟಿನ ಪುಟ ಎರಡನ್ನೂ ತೋರಿಸಿದೆ. “ದಾದಾ, ಎರಡೂ ಒಂದೇ ಥರ ಇವೆಯಲ್ಲ, ಇದಕ್ಕೇಕೆ ಹೆಚ್ಚು ದುಡ್ಡು?” ಎಂದರು. ಆಗ ಹೊಳೆದದ್ದು ಕುಮಾರ್‌ಟುಲಿ. ಅಲ್ಲಿನ ಕುಶಲಕರ್ಮಿಗಳು ದುರ್ಗೆಯನ್ನು ಮೊದಲು ಬಿದಿರು ಹುಲ್ಲಿನಲ್ಲಿ ಕಟ್ಟುತ್ತಾರೆ, ಮೇಲೆ ಮಣ್ಣು ಮೆತ್ತುತ್ತಾರೆ, ಬಣ್ಣ ಬರುವುದು ಕೊನೆಗೆ. ಹುಲ್ಲಿನ ಚೌಕಟ್ಟು ಎಚ್‌ಟಿಎಂಎಲ್, ಬಣ್ಣ ಸಿಎಸ್‌ಎಸ್. ಮುಂದಿನ ವರ್ಷ ಬಣ್ಣ ಬದಲಿಸಲು ಹುಲ್ಲು ಕೀಳಬೇಕಿಲ್ಲ ಎಂದೆ. ಯಜಮಾನರು ತಲೆದೂಗಿ, ಪೂಜೆಗೆ ಮುಂಚೆ ಮುಗಿಸಿ, ಹಳೇ ರೇಟಿಗೇ ಮುಗಿಸಿ ಎಂದರು.

ಎಕ್ಸ್‌ಪ್ಲೋರರ್ 6 ಎಂಬ ಗ್ರಹಚಾರವೂ ಇತ್ತು. ಎಡಕ್ಕೆ ಫ್ಲೋಟ್ ಮಾಡಿದ ಪೆಟ್ಟಿಗೆಗೆ ಎಡಗಡೆ ಹತ್ತು ಪಿಕ್ಸೆಲ್ ಮಾರ್ಜಿನ್ ಕೊಟ್ಟರೆ ಅದು ಇಪ್ಪತ್ತು ಹಾಕಿ ಕೂರುವುದು. ಅದಕ್ಕೆ ಮದ್ದು ‘ಡಿಸ್‌ಪ್ಲೇ ಇನ್‌ಲೈನ್’ ಎಂಬ ಒಂದು ಸಾಲು. ಅದು ಏಕೆ ಕೆಲಸ ಮಾಡುತ್ತದೆಂದು ಕೇಳಬಾರದು, ತಾಯಿತದ ಹಾಗೆ ಕಟ್ಟಿಕೊಂಡು ಸುಮ್ಮನಿರಬೇಕು. 2006ರಲ್ಲಿ ಫೈರ್‌ಫಾಕ್ಸ್‌ಗೆ ಫೈರ್‌ಬಗ್ ಬಂದಾಗ ಬದುಕು ಹಗುರಾಯಿತು. ತೆರೆದ ಪುಟದಲ್ಲೇ ಯಾವ ನಿಯಮ ಎಲ್ಲಿಂದ ಬಂದು ಯಾವುದನ್ನು ತುಳಿಯಿತು ಎಂದು ಕಾಣುತ್ತಿತ್ತು. ಇಷ್ಟು ವರ್ಷಗಳಲ್ಲಿ ಬಂದುಹೋದ ಸಲಕರಣೆಗಳ ಪೈಕಿ ನನಗೆ ನಿಜವಾದ ಉಪಕಾರ ಮಾಡಿದ್ದು ಅದೊಂದೇ ಎನ್ನುವೆ.

ಮಾನಕ ಎಂದರೆ ಬರೀ ಪೆಟ್ಟಿಗೆ, ಅಂಚುಗಳ ಮಾತಲ್ಲ ಎಂದು ತಿಳಿದದ್ದು ಅಕ್ಷರಗಳಿಂದ. ಆಗ ಬಂಗಾಳಿ ಪತ್ರಿಕೆಯ ತಾಣ ತೆರೆದರೆ ಆಯಾ ಪತ್ರಿಕೆಯ ಫಾಂಟನ್ನೇ ಇಳಿಸಿಕೊಳ್ಳಬೇಕು, ಇಲ್ಲವಾದರೆ ಕಾಣುವುದು ರೋಮನ್ ಲಿಪಿಯ ಕಸ. ಕನ್ನಡದ್ದೂ ಅದೇ ಪಾಡು. ಶೀರ್ಷಿಕೆಗಳನ್ನು ಚಿತ್ರ ಮಾಡಿ ಅಂಟಿಸುತ್ತಿದ್ದೆವು, ಆದ್ದರಿಂದ ಹುಡುಕಿದರೆ ಸಿಗುತ್ತಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯ ಜೊತೆ 2001ರಲ್ಲೇ ಕನ್ನಡಕ್ಕೆ ‘ತುಂಗಾ’ ಫಾಂಟ್ ಬಂದಿತ್ತು. ಬಂಗಾಳಿಯ ‘ವೃಂದಾ’ ಬಂದದ್ದು 2004ರ ಸರ್ವಿಸ್ ಪ್ಯಾಕ್ 2ರಲ್ಲಿ. ಇದನ್ನು ಹೇಳಿ ಸಹೋದ್ಯೋಗಿಗಳನ್ನು ಛೇಡಿಸುವುದು ನನಗೊಂದು ಖುಷಿ. ಅವರ ಭಾಷೆಯಲ್ಲಿ ಪದೇ ಪದೇ ಬರುವ ‘ಖಂಡ ತ’ ಅಕ್ಷರಕ್ಕೆ ಯೂನಿಕೋಡ್‌ನಲ್ಲಿ ಸ್ವಂತ ಸ್ಥಾನ ಸಿಕ್ಕಿದ್ದೇ 2005ರಲ್ಲಿ. ನಮಗೆ ಶೇಷಾದ್ರಿವಾಸು ಅವರ ‘ಬರಹ’ ಟೈಪಿಂಗ್ ತಂತ್ರಾಂಶ ಇದ್ದ ಹಾಗೆ ಅವರಿಗೆ ‘ಅಭ್ರ’ ಆಸರೆಯಾಯಿತು. 2003ರಲ್ಲಿ ಅದನ್ನು ಮಾಡಿ ಪುಕ್ಕಟೆ ಹಂಚಿದ ಮೆಹದಿ ಹಸನ್ ಖಾನ್ ಆಗಿನ್ನೂ ಬಾಂಗ್ಲಾದೇಶದ ವೈದ್ಯಕೀಯ ವಿದ್ಯಾರ್ಥಿ.

ಆ ದಿನಗಳಲ್ಲೇ ಒಂದು ಭಾನುವಾರ ಹೌರಾದಿಂದ ಲೋಕಲ್ ರೈಲಿನಲ್ಲಿ ಶ್ರೀರಾಮಪುರಕ್ಕೆ ಹೋದೆ. ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಹೂಗ್ಲಿ ದಂಡೆಯ ಆ ಊರಿನ ಮಿಷನ್ ಪ್ರೆಸ್ಸಿನಲ್ಲಿ. ಕನ್ನಡದ ಮೊಟ್ಟಮೊದಲ ಅಚ್ಚುಮೊಳೆಗಳ ಸಾಲಿಗೆ ಸೇರಿದವನ್ನು ಬಂಗಾಳದಲ್ಲಿ ಎರಕ ಹೊಯ್ದರು ಎನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ! ಒತ್ತಕ್ಷರವನ್ನು ಸಾಲಿನ ಕೆಳಗೆ ಕೂರಿಸಲು ಆ ಮೊಳೆಗಾರರೂ ನಮ್ಮ ಹಾಗೇ ತಲೆ ಕೆರೆದುಕೊಂಡಿರಬೇಕು.

ಮುಂದಿನದು ಫೋನಿನ ಕಥೆ. ಪುಟ ತೆರೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳಬೇಕು ಎಂದು ಈಥನ್ ಮಾರ್ಕಾಟ್ 2010ರಲ್ಲಿ ಬರೆದದ್ದನ್ನು ಓದಿ ನಾವು ಮತ್ತೆ ಉಪದೇಶಕ್ಕೆ ಇಳಿದೆವು. ಗಿರಾಕಿಗಳು ಮತ್ತೆ ಆಕಳಿಸಿದರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು, ಡೇಟಾ ಪುಕ್ಕಟೆಯಾಯಿತು. ಆ ಪೂಜೆ ಕಳೆಯುವಷ್ಟರಲ್ಲಿ ಗರಿಯಾಹಾಟಿನ ಯಜಮಾನರೇ ಫೋನ್ ಮಾಡಿ, “ದಾದಾ, ನನ್ನ ಅಂಗಡಿ ನನ್ನ ಫೋನಿನಲ್ಲೇ ಅರ್ಧ ಕಾಣುತ್ತೆ!” ಎಂದು ಗದರಿದರು. ನಮ್ಮ ವರ್ಷಗಳ ವಾದದಿಂದ ಆಗದ್ದನ್ನು ಅಗ್ಗದ ಫೋನು ಮಾಡಿತು. ಮಾನಕ ಗೆದ್ದದ್ದು ಹಾಗೆ. ನಮ್ಮಿಂದ ಗೆದ್ದಿತು ಎಂದು ಬೀಗುವವರನ್ನು ಕಂಡರೆ ನನಗೆ ನಗು ಬರುತ್ತದೆ.

2017ರಲ್ಲಿ ಸಿಎಸ್‌ಎಸ್ ಗ್ರಿಡ್ ಬ್ರೌಸರ್‌ಗಳಿಗೆ ಬಂತು. ಮತ್ತೆ ಅಡ್ಡ ಸಾಲು, ಉದ್ದ ಸಾಲು! ಈ ಬಾರಿ ಮಾತ್ರ ಅವು ಇರಬೇಕಾದ ಸ್ಟೈಲ್‌ಶೀಟಿನಲ್ಲೇ ಇವೆ. ಫ್ಲ್ಯಾಶ್ 2020ರ ಕೊನೆಯ ದಿನ ಕಣ್ಣು ಮುಚ್ಚಿತು. 2022ರ ಜೂನ್ 15ರಂದು ಎಕ್ಸ್‌ಪ್ಲೋರರ್ ನಿವೃತ್ತಿಯಾದಾಗ ಆಫೀಸಿಗೆಲ್ಲ ನನ್ನ ಲೆಕ್ಕದಲ್ಲಿ ಎಗ್ ರೋಲ್. ಸೆಕ್ಟರ್ ಫೈವ್‌ಗೆ ಮೆಟ್ರೊ ಬಂದಿದೆ, ಹುಡುಗರು ಫಿಗ್ಮಾ ತೆರೆದುಕೊಂಡೇ ಹುಟ್ಟಿದವರಂತೆ ಇರುತ್ತಾರೆ. ಆದರೆ ವಿನ್ಯಾಸವೆಲ್ಲ ಇಂಗ್ಲಿಷ್ ಅಕ್ಷರ ಇಟ್ಟುಕೊಂಡೇ ನಡೆಯುತ್ತದೆ. ಶೀರ್ಷಿಕೆಗೆ ಅಂದ ಬರಲಿ ಎಂದು ಅಕ್ಷರಗಳ ನಡುವೆ ಅಂತರ ಕೊಟ್ಟರೆ ಬಂಗಾಳಿಯ ತಲೆಗೆರೆ ತುಂಡಾಗುತ್ತದೆ, ಸಾಲಿನ ಎತ್ತರ ಬಿಗಿ ಮಾಡಿದರೆ ಕನ್ನಡದ ಒತ್ತು ಕತ್ತರಿಸಿಹೋಗುತ್ತದೆ. ಅದಕ್ಕೇ ಹೊಸಬರ ಕೈಗೆ ಮೊದಲ ದಿನವೇ ಬಂಗಾಳಿಯದೊಂದು, ಕನ್ನಡದ್ದೊಂದು ಮಾದರಿ ವಾಕ್ಯ ಕೊಡುತ್ತೇನೆ. ಹೋದ ವಾರ ಸೇರಿದ ಹುಡುಗಿ ‘ಸ್ವಾತಂತ್ರ್ಯ’ವನ್ನು ತೆರೆಯ ಮೇಲೆ ದೊಡ್ಡದು ಮಾಡಿ ನೋಡಿ, “ದಾದಾ, ನಿಮ್ಮ ಲಿಪಿಗೆ ನೆಲಮಾಳಿಗೆಯೂ ಬೇಕಲ್ಲ!” ಎಂದಳು. ಸಾಲಿನ ಎತ್ತರ 1.7ಕ್ಕೆ ಏರಿಸು ಎಂದೆ.