ಕೃಷ್ಣೆಯ ಅಲೆಗಳ ಮೇಲೆ ಎರಡು ದೋಣಿಗಳು

ಯಾದಗಿರಿ ಸೀಮೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬಿಸಿಲು, ಬಂಡೆ, ಎರೆಭೂಮಿ, ಜೋಳದ ರೊಟ್ಟಿ. ನೀರಿನ ನೆನಪು ಯಾರಿಗೂ ಥಟ್ಟನೆ ಬರುವುದಿಲ್ಲ. ಆದರೆ ಭೂಪಟವನ್ನು ಬಿಚ್ಚಿ ನೋಡಿದವರಿಗೆ ಬೇರೊಂದು ಸಂಗತಿ ತಿಳಿಯುತ್ತದೆ. ಒಂದು ಕಡೆಯಿಂದ ಭೀಮೆ, ಇನ್ನೊಂದು ಕಡೆಯಿಂದ ಕೃಷ್ಣೆ, ಈ ಬಿಸಿಲ ನಾಡನ್ನು ಎರಡು ತೋಳುಗಳಿಂದ ಬಳಸಿಕೊಂಡು ಹರಿದು, ಅದರ ಆಗ್ನೇಯದ ಅಂಚಿನಲ್ಲಿ ಒಂದಾಗುತ್ತವೆ. ಇಲ್ಲಿಯ ಜನರ ಬದುಕಿನಲ್ಲಿ ನೀರಿಲ್ಲದ ಸಂಕಟ ಎಷ್ಟಿದೆಯೋ ನೀರು ಹೆಚ್ಚಾದ ಸಂಕಟವೂ ಅಷ್ಟೇ ಇದೆ. ಆ ಎರಡನೆಯ ಸಂಕಟವನ್ನು ದಾಟುವುದಕ್ಕೆ ಅವರು ಕಂಡುಕೊಂಡ ಸಾಧನವೇ ಹರಿಗೋಲು.

ಯಾದಗಿರಿಗೆ ಸಮೀಪದ ಅಬ್ಬೆತುಮಕೂರಿಗೆ ಹೋಗಿ ವಿಶ್ವಾರಾಧ್ಯರ ಮಠದ ದರ್ಶನ ಪಡೆದು ಹಿಂದಿರುಗುವ ಯಾತ್ರಿಕರು ಸಾವಿರಾರು. ಅವರಲ್ಲಿ ಬಹುಮಂದಿ ಅಲ್ಲಿಂದಲೇ ಊರ ದಾರಿ ಹಿಡಿಯುತ್ತಾರೆ. ಒಂದು ದಿನದ ಬಿಡುವಿದ್ದವರು ಇನ್ನಷ್ಟು ಮುಂದೆ ಹೋಗಬೇಕು. ಭೀಮೆಯ ಸೇತುವೆಯನ್ನು ದಾಟಿದರೆ ಶಹಾಪುರ. ಅಲ್ಲಿಯ ಬೆಟ್ಟಗಳ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಅದನ್ನು ಬಿಟ್ಟರೆ ಬೇಡ ನಾಯಕರ ಸುರಪುರ. ಗುಡ್ಡದ ಮೇಲೆ ಮೆಡೋಸ್ ಟೇಲರ್ ಸಾಹೇಬನು ಕಟ್ಟಿಸಿದ ಬಂಗಲೆ ಅವನ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಮುಂದೆ ಹುಣಸಗಿಯ ದಾರಿಯಾಗಿ ನಾರಾಯಣಪುರವನ್ನು ತಲುಪಿದಾಗ, ಇದ್ದಕ್ಕಿದ್ದಂತೆ ನೆಲ ಮುಗಿದು ನೀರು ಆರಂಭವಾಗುತ್ತದೆ.

ಇದೇ ಬಸವಸಾಗರ. 1982ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನ ಎತ್ತರ 29 ಮೀಟರು ಮಾತ್ರ; ಆದರೆ ಉದ್ದ ಹತ್ತು ಕಿಲೋಮೀಟರಿಗೂ ಮಿಗಿಲು. ಬಾಗಿಲುಗಳು ಮೂವತ್ತು. ಬೆಟ್ಟಗಳ ನಡುವಿನ ಆಳವಾದ ಕಣಿವೆಗೆ ಹಾಕಿದ ಕಟ್ಟೆಯಲ್ಲ ಇದು. ಬಯಲಿಗೆ ಹಾಕಿದ ಕಟ್ಟೆ. ಆದುದರಿಂದ ನೀರು ಆಳಕ್ಕೆ ಇಳಿಯುವುದಕ್ಕಿಂತ ಅಗಲಕ್ಕೆ ಹರಡಿದೆ. ಹಿನ್ನೀರು ಕೂಡಲಸಂಗಮದವರೆಗೂ ಚಾಚಿ, ಅಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಕಾಪಾಡುವುದಕ್ಕಾಗಿ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಬೇಕಾಯಿತು. ‘ಸಾಗರ’ವೆಂಬ ಮಾತು ಇಲ್ಲಿ ಬರಿಯ ಗೌರವದ ಮಾತಲ್ಲವೆಂಬುದು ಆಷಾಢದ ಗಾಳಿ ಬೀಸಿದಾಗ ಮನವರಿಕೆಯಾಗುತ್ತದೆ.

ನಾನು ಅಲ್ಲಿಗೆ ಹೋದದ್ದು ಅಂಥ ಗಾಳಿಯ ದಿನಗಳಲ್ಲಿಯೇ. ಜೊತೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವನಿಗೆ ಕಯಾಕ್ ನಡೆಸುವ ಹವ್ಯಾಸ. ಇಬ್ಬರು ಕುಳಿತುಕೊಳ್ಳಬಹುದಾದ ಕಯಾಕೊಂದನ್ನು ಕಾರಿನ ನೆತ್ತಿಗೆ ಬಿಗಿದು ತಂದಿದ್ದ. ಅಣೆಕಟ್ಟಿನಿಂದ ಬಹುದೂರ, ಮೀನುಗಾರರ ಹರಿಗೋಲುಗಳು ಬೋರಲಾಗಿ ಬಿದ್ದಿದ್ದ ಒಂದು ದಡದಲ್ಲಿ ಅದನ್ನು ಇಳಿಸಿದಾಗ ಅಲ್ಲಿದ್ದವರೆಲ್ಲ ನೆರೆದರು. ಹಳದಿ ಬಣ್ಣದ ಆ ಉದ್ದನೆಯ ವಸ್ತುವನ್ನು ವೃದ್ಧ ಅಂಬಿಗನೊಬ್ಬ ಬೆರಳಿನಿಂದ ಬಡಿದು ನೋಡಿ, ‘ಇದು ಮೀನಿನಾಂಗ ಐತಿ, ನಮ್ಮದು ಆಮಿ ಇದ್ದಾಂಗ’ ಎಂದ. ಎರಡು ದೋಣಿಗಳ ಶಾಸ್ತ್ರವನ್ನೆಲ್ಲ ಆತ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ.

ವಾಸ್ತವವಾಗಿ ಮೀನೂ ಆಮೆಯೂ ಇಲ್ಲಿ ದೂರದ ನಂಟರು. ಕಯಾಕ್ ಹುಟ್ಟಿದ್ದು ಉತ್ತರಧ್ರುವದ ನೆರೆಯ ಹಿಮಪ್ರದೇಶದಲ್ಲಿ. ಅಲ್ಲಿಯ ಜನರು ತೇಲಿಬಂದ ಮರದ ತುಂಡುಗಳಿಂದಲೋ ತಿಮಿಂಗಿಲದ ಎಲುಬುಗಳಿಂದಲೋ ಹಂದರ ಕಟ್ಟಿ, ಅದಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಹೊಲಿಯುತ್ತಿದ್ದರು. ನಮ್ಮವರು ಸೀಳಿದ ಬಿದಿರಿನಿಂದ ಬುಟ್ಟಿ ಹೆಣೆದು, ಅದಕ್ಕೆ ಎತ್ತು ಎಮ್ಮೆಗಳ ತೊಗಲನ್ನು ಹೊದಿಸಿದರು. ಹಂದರವೊಂದು, ಹೊದಿಕೆಯೊಂದು ಎಂಬ ಉಪಾಯ ಎರಡರಲ್ಲಿಯೂ ಒಂದೇ. ಒಬ್ಬನು ಓಡುವ ಬೇಟೆಯ ಬೆನ್ನಟ್ಟಬೇಕಾಗಿತ್ತು. ಅವನ ದೋಣಿ ಉದ್ದವಾಯಿತು, ಕಿರಿದಾಯಿತು. ಇನ್ನೊಬ್ಬನು ಜನ, ದವಸ, ಆಡು ಕುರಿಗಳನ್ನು ಹೊಳೆ ದಾಟಿಸಬೇಕಾಗಿತ್ತು. ಅವನ ದೋಣಿ ದುಂಡಗಾಯಿತು. ಈಗ ತೊಗಲಿನ ಸ್ಥಾನವನ್ನು ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಆಕ್ರಮಿಸಿದೆ. ಬಿದಿರಿನ ಹೆಣಿಗೆ ಮಾತ್ರ ಹಾಗೆಯೇ ಇದೆ.

ದುಂಡು ದೋಣಿ ನಮ್ಮದೊಂದೇ ಅಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬ್ಯಾಬಿಲೋನಿಗೆ ಸರಕು ತರುತ್ತಿದ್ದ ತೊಗಲಿನ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಸರಕು ಮಾರಿದ ಮೇಲೆ ಹಂದರವನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ವರ್ತಕರು ನಡೆದು ಹೋಗುತ್ತಿದ್ದರಂತೆ. ವೇಲ್ಸ್ ನಾಡಿನ ಹೊಳೆಗಳಲ್ಲಿಯೂ ವಿಯೆಟ್ನಾಮಿನ ಕಡಲ ತೀರದಲ್ಲಿಯೂ ಬುಟ್ಟಿದೋಣಿಗಳಿವೆ. ನಮ್ಮ ನಾಡಿನ ಮಟ್ಟಿಗೆ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು ಹರಿಗೋಲನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುವ ಈ ಬುಟ್ಟಿಗಳು ನೆಟ್ಟಗೆ ಹೋಗಲಾರದೆ ಸದಾ ತಿರುಗುತ್ತಲೇ ಸಾಗುತ್ತವೆಂಬುದು ಅವನ ಆಶ್ಚರ್ಯ. ಐನೂರು ವರ್ಷಗಳ ಮೇಲೆಯೂ ಪ್ರವಾಸಿಗರ ಆಶ್ಚರ್ಯ ಅದೇ ಆಗಿದೆ. ಹಳಗನ್ನಡದ ‘ಪಱಿಗೋಲ್’ ಇಂದಿನ ಹರಿಗೋಲಾಯಿತು. ತಮಿಳರು ಇದನ್ನು ಪರಿಸಲ್ ಎನ್ನುತ್ತಾರೆ. ತೆಲುಗರು ಪುಟ್ಟಿ ಎನ್ನುತ್ತಾರೆ.

ಎದುರಿಗೆ ಅರ್ಧ ಮೈಲಿಯಾಚೆ, ಹಿನ್ನೀರಿನ ಬಾಗಿನಲ್ಲಿ, ಬಂಡೆಗಳ ದಿಬ್ಬವೊಂದಿತ್ತು. ಕಯಾಕಿನಲ್ಲಿ ಅಲ್ಲಿಗೆ ಹೋಗುವುದು, ಹರಿಗೋಲಿನಲ್ಲಿ ಹಿಂದಿರುಗುವುದು ಎಂದು ನಿಶ್ಚಯಿಸಿದೆವು. ತೇಲುವ ಅಂಗಿಗಳನ್ನು ತೊಟ್ಟು ಮುಂದೆ ನಾನು, ಹಿಂದೆ ಅವನು ಕುಳಿತೆವು. ದಡದ ಮರೆಯಲ್ಲಿ ಇರುವಷ್ಟು ಹೊತ್ತು ಎಲ್ಲವೂ ಸೊಗಸೇ. ಎರಡು ತುದಿಗಳ ಹುಟ್ಟು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬೀಳುತ್ತಿದ್ದಂತೆ ದೋಣಿ ಬಾಣದಂತೆ ಓಡಿತು. ಮರೆ ತಪ್ಪಿದೊಡನೆ ಗಾಳಿ ಮುಖಕ್ಕೆ ಅಪ್ಪಳಿಸಿತು.

ದೊಡ್ಡ ಕೆರೆಯ ಅಲೆಗೂ ಕಡಲಿನ ಅಲೆಗೂ ಬಹಳ ವ್ಯತ್ಯಾಸವಿದೆ. ಕಡಲಿನ ಅಲೆ ನಿಡಿದಾಗಿ, ನಿಧಾನವಾಗಿ ಬರುತ್ತದೆ. ದೋಣಿ ಅದನ್ನು ಏರಿ ಇಳಿಯುವುದಕ್ಕೆ ಬಿಡುವಿರುತ್ತದೆ. ಗಾಳಿಯು ತಡೆಯಿಲ್ಲದೆ ನೀರಿನ ಮೇಲೆ ಎಷ್ಟು ದೂರ ಓಡುತ್ತದೆಯೋ ಅಲೆಯು ಅಷ್ಟು ಬೆಳೆಯುತ್ತದೆ. ಕೆರೆಯಲ್ಲಿ ಆ ದೂರ ಕಡಿಮೆ. ಆದುದರಿಂದ ಇಲ್ಲಿಯ ಅಲೆಗಳು ಗಿಡ್ಡ, ಕಡಿದು, ಒಂದರ ಬೆನ್ನಿಗೆ ಇನ್ನೊಂದು. ಒಂದನ್ನು ದಾಟಿ ಉಸಿರು ಬಿಡುವಷ್ಟರಲ್ಲಿ ಎರಡನೆಯದು ಮೂತಿಗೆ ಬಡಿದಿರುತ್ತದೆ. ಕೃಷ್ಣೆ ಇಲ್ಲಿ ಪಡುವಲಿಂದ ಮೂಡಲಿಗೆ ಹರಿಯುತ್ತಾಳೆ. ಮುಂಗಾರಿನ ಗಾಳಿಯೂ ಆ ದಿಕ್ಕಿನಿಂದಲೇ ಬರುತ್ತದೆ. ಹೀಗಾಗಿ ಜಲಾಶಯದ ಉದ್ದವೆಲ್ಲ ಗಾಳಿಗೆ ಗರಡಿಮನೆಯಾಗುತ್ತದೆ.

‘ಸರ್, ಹುಟ್ಟು ನಿಲ್ಲಿಸಬೇಡಿ. ನಿಂತ ದೋಣಿಯೇ ಮಗುಚುವುದು’ ಎಂದು ಹಿಂದಿನಿಂದ ಶಿಷ್ಯನು ಕೂಗಿದ. ಕಾಲೇಜಿನಲ್ಲಿ ಐದು ವರ್ಷ ನನ್ನ ಮಾತು ಕೇಳಿದವನ ಮಾತನ್ನು ಅಂದು ನಾನು ಅಕ್ಷರಶಃ ಕೇಳಿದೆ. ದಿಬ್ಬದ ಕಡೆಗೆ ನೇರವಾಗಿ ಹೋದರೆ ಅಲೆ ಪಕ್ಕೆಗೆ ಬಡಿಯುತ್ತಿತ್ತು. ಅದಕ್ಕಾಗಿ ಅವನು ಮೂತಿಯನ್ನು ಗಾಳಿಯ ಕಡೆಗೆ ಓರೆಯಾಗಿ ತಿರುಗಿಸಿದ. ನೋಡುವವರಿಗೆ ನಾವು ಬೇರೆಲ್ಲಿಗೋ ಹೊರಟಂತೆ ಕಾಣುತ್ತಿತ್ತು. ಗಾಳಿ ನಮ್ಮನ್ನು ತಳ್ಳಿ ತಳ್ಳಿ ಸರಿಯಾದ ಜಾಗಕ್ಕೆ ತಂದಿತು. ಪಕ್ಕದಿಂದ ಬಂದ ದೊಡ್ಡ ಅಲೆಗೆ ಹೆದರಿ ಆಚೆಗೆ ಬಾಗುವುದು ಮನುಷ್ಯಸ್ವಭಾವ. ಕಯಾಕಿನ ಶಾಸ್ತ್ರ ಅದಕ್ಕೆ ವಿರುದ್ಧ. ಬರುವ ಅಲೆಯ ಕಡೆಗೇ ಬಾಗಿ, ಹುಟ್ಟಿನ ಅಂಗೈಯನ್ನು ಅದರ ಮೇಲೆ ಊರಬೇಕು. ದಿಬ್ಬವನ್ನು ಮುಟ್ಟಿದಾಗ ಮೈಯೆಲ್ಲ ತೊಯ್ದು, ತೋಳುಗಳು ಪರರ ಸೊತ್ತಾಗಿದ್ದವು. ಮನಸ್ಸು ಮಾತ್ರ ಹದಿನೆಂಟರ ಹುಡುಗನದಾಗಿತ್ತು.

ವೃದ್ಧ ಅಂಬಿಗನು ನಮ್ಮ ಬೆನ್ನಿಗೇ ಹರಿಗೋಲು ಹಾಕಿಕೊಂಡು ಬಂದಿದ್ದ. ಹಿಂದಿರುಗುವಾಗ ಶಿಷ್ಯನೊಬ್ಬನೇ ಕಯಾಕಿನಲ್ಲಿ ಹೊರಟ. ನಾನು ಬುಟ್ಟಿಯ ನಡುವೆ ಕುಳಿತೆ. ‘ಅಲಿ ಬಂದಾಗ ಎದ್ದು ನಿಂದರಬ್ಯಾಡ್ರಿ ಸರ. ನಡುವ ಕುಂಡ್ರಿ. ಉಳದದ್ದು ನಾ ನೋಡ್ಕೋತೀನಿ’ ಎಂದು ಹೇಳಿ, ಅವನು ಅಂಚಿನಲ್ಲಿ ಮೊಣಕಾಲೂರಿ ಒಂದೇ ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಸೆಳೆಯತೊಡಗಿದ. ಕಯಾಕು ಅಲೆಯನ್ನು ಸೀಳುತ್ತದೆ. ಹರಿಗೋಲು ಅಲೆಯ ಮೇಲೆ ಕುಳಿತುಕೊಳ್ಳುತ್ತದೆ. ಅದಕ್ಕೆ ಮೂತಿಯಿಲ್ಲ, ಬಾಲವಿಲ್ಲ, ಪಕ್ಕೆಯಿಲ್ಲ. ಅಲೆ ಯಾವ ದಿಕ್ಕಿನಿಂದ ಬಂದರೂ ಅದಕ್ಕೆ ಸಮ. ತಳ ಚಪ್ಪಟೆಯಾದುದರಿಂದ ನೀರಿನಲ್ಲಿ ಗೇಣುದ್ದವೂ ಮುಳುಗದು. ದೊಡ್ಡ ಅಲೆ ಅಡಿಯಲ್ಲಿ ಹಾಯ್ದಾಗ ಬಿದಿರು ಬಳುಕಿ, ನಾನು ಕುಳಿತ ತಳವೇ ಉಸಿರಾಡಿದಂತಾಯಿತು. ಅದರ ದೋಷವೂ ಅಲ್ಲಿಯೇ ಇದೆ. ನೀರನ್ನು ಕಚ್ಚಿ ಹಿಡಿಯುವ ಅಂಗ ಯಾವುದೂ ಇಲ್ಲದ್ದರಿಂದ ಗಾಳಿ ಎಳೆದತ್ತ ಅದು ಹೋಗುತ್ತದೆ. ಜನರು ಗಾಬರಿಯಿಂದ ಒಂದೇ ಅಂಚಿಗೆ ಸರಿದರೆ ಮುಗಿಯಿತು. ಹೊಳೆಯಲ್ಲಿ ಅಂಬಿಗರು ಸೆಳವಿಗೆ ಎದುರಾಗಿ ಬಹುದೂರ ಮೇಲಕ್ಕೆ ಹೋಗಿ ಅಲ್ಲಿಂದ ಹರಿಗೋಲು ಬಿಡುವುದು ಇದಕ್ಕಾಗಿಯೇ. ನದಿಯೊಡನೆ ಜಗಳವಾಡದೆ ಅದರಿಂದಲೇ ಕೆಲಸ ಮಾಡಿಸಿಕೊಳ್ಳುವ ಉಪಾಯ ಅದು.

ದಡ ಸೇರಿದ ಮೇಲೆ ಕೇಳಿದೆ: ‘ಕಾಕಾ, ಈ ವಿದ್ಯೆ ಕಲಿಯಲು ಎಷ್ಟು ದಿನ ಬೇಕು?’ ಅವನು ನಕ್ಕು, ‘ಹುಟ್ಟು ಹಾಕೂದು ಯಾರರ ಕಲೀತಾರ್ರಿ. ಇವತ್ತು ಬ್ಯಾಡ ಅನ್ನೂದು ಕಲಿಯಾಕ ಹತ್ತು ಮಳಿಗಾಲ ಬೇಕು’ ಎಂದ.

ಈ ಮಾತಿನ ತೂಕ ತಿಳಿಯಬೇಕಾದರೆ ಅಣೆಕಟ್ಟಿನ ಕೆಳಗಿನ ಕೃಷ್ಣೆಯನ್ನು ನೋಡಬೇಕು. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಸುರಿದು, ಮೇಲಿನ ಆಲಮಟ್ಟಿ ತುಂಬಿ, ನಾರಾಯಣಪುರದ ಬಾಗಿಲುಗಳು ತೆರೆದಾಗ ಲಕ್ಷಗಟ್ಟಲೆ ಕ್ಯೂಸೆಕ್ಸ್ ನೀರು ಹೊರಬೀಳುತ್ತದೆ. ಒಂದು ಲಕ್ಷ ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಇಪ್ಪತ್ತೆಂಟು ಲಕ್ಷ ಲೀಟರು. ಆ ಪ್ರವಾಹದ ನಡುವೆ ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯ ಊರಿದೆ. ಹೊಳೆ ತುಂಬಿತೆಂದರೆ ಆ ಊರು ಲೋಕದಿಂದ ಬೇರೆಯಾಗುತ್ತಿತ್ತು. 2014ರ ಜುಲೈ ತಿಂಗಳ ಕೊನೆಯಲ್ಲಿ, ಅಲ್ಲಿಯ ಇಪ್ಪತ್ತೆರಡು ವರ್ಷದ ತುಂಬುಗರ್ಭಿಣಿಯೊಬ್ಬಳು ಹೆರಿಗೆಗೆ ಆಸ್ಪತ್ರೆಯ ನೆರವು ಬೇಕೆಂದು ಹೊರಟಳು. ಉಕ್ಕಿದ ಹೊಳೆಗೆ ಹರಿಗೋಲು ಇಳಿಸುವವರಿರಲಿಲ್ಲ. ಆಕೆ ಮೈಗೆ ಒಣ ಬುರುಡೆಗಳನ್ನು ಕಟ್ಟಿಕೊಂಡು, ತಂದೆ ಮತ್ತು ಒಡಹುಟ್ಟಿದವರ ಬೆಂಗಾವಲಿನಲ್ಲಿ ಈಜಿಯೇ ಆಚೆಯ ದಡ ಸೇರಿದಳು. ಸುದ್ದಿ ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದಿತು. ಜನರು ಆಕೆಯ ಧೈರ್ಯವನ್ನು ಕೊಂಡಾಡಿದರು.

ಆ ಧೈರ್ಯಕ್ಕೆ ತಲೆಬಾಗಲೇಬೇಕು. ಆದರೆ ‘ಇವತ್ತು ಬ್ಯಾಡ’ ಎಂದ ಅಂಬಿಗರನ್ನು ಹೇಡಿಗಳೆನ್ನಲು ನನ್ನ ಮನಸ್ಸು ಒಪ್ಪದು. ಅವರು ತಮ್ಮ ವಿದ್ಯೆಯ ಅತ್ಯಂತ ಕಠಿಣವಾದ ಪಾಠವನ್ನು ಪಾಲಿಸಿದರು. ಕಯಾಕಿನಲ್ಲಿ ಕುಳಿತ ನಮ್ಮಂಥವರು ವಿನೋದಕ್ಕಾಗಿ ಅಲೆಗಳನ್ನು ಹುಡುಕಿಕೊಂಡು ಹೋಗುತ್ತೇವೆ. ಬೇಡವೆನಿಸಿದರೆ ಕಾರು ಹತ್ತಿ ಊರಿಗೆ ಮರಳುತ್ತೇವೆ. ಗಡ್ಡಿಯ ಮನೆಯಲ್ಲಿ ನೋವು ತಿನ್ನುವ ಹೆಂಗಸಿಗೆ ಆ ಅನುಕೂಲವಿಲ್ಲ. ಹೊಳೆ ಬೇಡವೆಂದಾಗಲೂ ಆಕೆ ದಾಟಲೇಬೇಕು. ಅಂಬಿಗನ ‘ಬ್ಯಾಡ’ ಎಂಬ ಮಾತನ್ನು ಎಲ್ಲರೂ ನಿಶ್ಚಿಂತೆಯಿಂದ ಕೇಳುವಂತಾಗಬೇಕಾದರೆ, ನೆರೆಗೂ ಮುಳುಗದ ಸೇತುವೆ ಬೇಕು, ಊರಿನೊಳಗೇ ಸೂಲಗಿತ್ತಿಯೂ ಔಷಧವೂ ಬೇಕು. ಹರಿಗೋಲಿನ ಸೊಬಗನ್ನು ಕೊಂಡಾಡುವ ಪಟ್ಟಣಿಗರು ಈ ಮಾತನ್ನು ಮರೆಯಬಾರದು.

ಸೇತುವೆಗಳು ಬಂದಂತೆ ಹರಿಗೋಲುಗಳು ಕಡಿಮೆಯಾಗುತ್ತವೆ, ಆಗಲಿ. ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ’ ಎಂಬ ಗಾದೆ ನಮ್ಮಲ್ಲಿದೆ. ಆದರೆ ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುತ್ತಲೇ ಶರಣರ ಸಾಲಿಗೆ ಸೇರಿದ ಅಂಬಿಗರ ಚೌಡಯ್ಯನವರ ನಾಡಿನಲ್ಲಿ ಆ ಗಾದೆಯನ್ನು ತುಸು ನಾಚಿಕೆಯಿಂದಲೇ ಆಡಬೇಕಾಗುತ್ತದೆ. ನೀರಿನ ಬಣ್ಣ ನೋಡಿ ಆಳವನ್ನು, ಗಾಳಿಯ ವಾಸನೆ ಹಿಡಿದು ಮಳೆಯನ್ನು ಹೇಳಬಲ್ಲ ಆ ವೃದ್ಧರಿಂದ, ಹೊಸ ಕಯಾಕು ಹಿಡಿದು ಬರುವ ಹುಡುಗರು ಕಲಿಯಬೇಕಾದದ್ದು ಬಹಳವಿದೆ. ಬಸವಸಾಗರದ ಕಡೆಗೆ ಹೋಗುವ ವಾಚಕರು ತೇಲುವ ಅಂಗಿಯನ್ನು ತೊಟ್ಟೇ ದೋಣಿಗೆ ಕಾಲಿಡಲಿ. ಹತ್ತುವ ಮುನ್ನ ಅಂಬಿಗನ ಮುಖವನ್ನೊಮ್ಮೆ ನೋಡಲಿ. ಅವನು ತಲೆಯಾಡಿಸಿ ಬೇಡವೆಂದರೆ, ದಂಡೆಯ ಮೇಲೆ ಕುಳಿತು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ಅಲೆಗಳನ್ನು ನೋಡುವುದೂ ಒಂದು ಸುಖವೇ.