ಎದುರಿಗಿಲ್ಲದವನ ಪಾಳಿ

1977ರ ‘ಬಭ್ರುವಾಹನ’ ಚಿತ್ರದಲ್ಲಿ ಅಪ್ಪ ಅರ್ಜುನನೂ ಮಗ ಬಭ್ರುವಾಹನನೂ ಎದುರುಬದುರು ನಿಂತು ಹಾಡಿನಲ್ಲೇ ಕಾದಾಡುವುದನ್ನು ನೋಡದ ಕನ್ನಡಿಗರು ಕಡಿಮೆ. ಇಬ್ಬರೂ ರಾಜಕುಮಾರ್ ಅವರೇ. ದನಿ ಮಾತ್ರ ಎರಡು: ಒಂದು ಪಿ.ಬಿ. ಶ್ರೀನಿವಾಸ್ ಅವರದು, ಇನ್ನೊಂದು ಸ್ವತಃ ರಾಜಕುಮಾರ್ ಅವರದು. ಮರುವರ್ಷ ‘ಶಂಕರ್ ಗುರು’ವಿನಲ್ಲಿ ಅವರು ಮೂವರಾದರು. ಸಣ್ಣವನಿದ್ದಾಗ ಟಿವಿಯಲ್ಲಿ ಇವನ್ನೆಲ್ಲ ನೋಡುತ್ತಿದ್ದ ನನಗೆ ಕಾಡುತ್ತಿದ್ದ ಪ್ರಶ್ನೆ ಒಂದೇ. ಅರ್ಜುನ ಅಷ್ಟು ಸಿಟ್ಟಿನಿಂದ ದಿಟ್ಟಿಸುವಾಗ ಎದುರಿಗೆ ಇದ್ದದ್ದಾದರೂ ಯಾರು?

ರೀಲಿನ ಕಾಲದ ತಂತ್ರ ಕೇಳಲು ಸರಳ. ಚೌಕಟ್ಟಿನ ಅರ್ಧ ಭಾಗಕ್ಕೆ ಬೆಳಕು ಬೀಳದಂತೆ ಮರೆ ಮಾಡಿ ನಟನನ್ನು ಚಿತ್ರಿಸುವುದು. ಆಮೇಲೆ ಅದೇ ರೀಲನ್ನು ಹಿಂದಕ್ಕೆ ಸುತ್ತಿ, ಮರೆಯನ್ನು ಆಚೆ ಬದಿಗೆ ಸರಿಸಿ, ಅದೇ ನಟನನ್ನು ಬೇರೆ ವೇಷದಲ್ಲಿ ಚಿತ್ರಿಸುವುದು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಎರಡೂ ಸರದಿಯ ಶ್ರಮ ಹಾಳು. 1921ರ ‘ದಿ ಪ್ಲೇಹೌಸ್’ ಎಂಬ ಮೂಕಿ ಚಿತ್ರದಲ್ಲಿ ಬಸ್ಟರ್ ಕೀಟನ್ ಒಂದೇ ಶಾಟ್‌ನಲ್ಲಿ ಒಂಬತ್ತು ಜನರಾಗಿ ಸಾಲಾಗಿ ಕೂತಿದ್ದಾನೆ. ಛಾಯಾಗ್ರಾಹಕ ಎಲ್ಗಿನ್ ಲೆಸ್ಲಿ ಪ್ರತಿ ಸರದಿಯಲ್ಲೂ ಅದೇ ವೇಗದಲ್ಲಿ ಕೈಯಿಂದ ಕ್ಯಾಮೆರಾ ತಿರುಗಿಸಬೇಕಿತ್ತು.

ಈಗ ಒಂದು ಫೋನು, ಒಂದು ಟ್ರೈಪಾಡ್ ಸಾಕು. ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ ಎರಡು ಸಲ ಚಿತ್ರಿಸಿ, ಎಡಿಟಿಂಗ್‌ನಲ್ಲಿ ಒಂದರ ಎಡ ಅರ್ಧವನ್ನೂ ಇನ್ನೊಂದರ ಬಲ ಅರ್ಧವನ್ನೂ ಜೋಡಿಸಿದರೆ ಆಯಿತು. ಹಾಗಂದುಕೊಂಡೇ ನಾವು ನಾಲ್ವರು ಗೆಳೆಯರು ಧಾರವಾಡದ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಮೂರು ನಿಮಿಷದ ವಿಡಿಯೋ ಮಾಡಲು ಹೊರಟೆವು. ನಟಿಸಿದವರು ನಮ್ಮ ಓಣಿಯ ಹಿರಿಯರು. ಹವ್ಯಾಸಿ ನಾಟಕಗಳಲ್ಲಿ ಬಣ್ಣ ಹಚ್ಚಿದವರು. ನಮಗೆಲ್ಲ ಅವರು ಕಾಕಾ. ಮನೆ ಪಾಲು ಮಾಡಿಕೊಳ್ಳುವ ಅಣ್ಣ ತಮ್ಮಂದಿರ ಕಥೆಯೂ ಅವರದೇ. ಪಾಲಾದ ಮೇಲೆ ಹುಬ್ಬಳ್ಳಿಯಲ್ಲಿರುವ ಅಣ್ಣನ ಜೊತೆ ಅವರಿಗೆ ಮಾತಿಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು.

“ಇನ್ನೊಬ್ಬ ನಟ ಯಾಕ ಬೇಕೋ ತಮ್ಮಾ? ಅಣ್ಣ ಹೆಂಗ ಕೂಡತಾನ, ಹೆಂಗ ಮಾತಾಡತಾನ ನನಗ ಗೊತ್ತೈತಿ. ಇಬ್ಬರದೂ ನಾನಽ ಮಾಡತೀನಿ” ಎಂದರು.

ಜೋಡಣೆಯ ಗೆರೆ ಕಾಣದಿರಲೆಂದು ಪಡಸಾಲೆಯ ಕಂಬವನ್ನು ಚೌಕಟ್ಟಿನ ನಡುವೆ ಇಟ್ಟೆವು. ಕೈ, ನೆರಳು ಯಾವುದೂ ಕಂಬ ದಾಟಬಾರದು ಎಂದೆವು. ಕಾಕಾ ನಕ್ಕರು: “ನಮ್ಮ ಮನ್ಯಾಗೂ ಇಂಥಾ ಕಂಬದ ಹತ್ರಽ ಗ್ವಾಡಿ ಎಬ್ಬಿಸ್ಯಾರ.” ಅಣ್ಣನ ಕಣ್ಣು ಇರಬೇಕಾದ ಎತ್ತರಕ್ಕೆ ಆಚೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದೆವು.

ಮೊದಲು ತಮ್ಮನ ಪಾತ್ರ. ಒಂದೇ ಉಸಿರಿಗೆ ಮುಗಿಸಿದರು. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಇಟ್ಟು, ಕಂಬದ ಆಚೆ ಅಣ್ಣನಾಗಿ ಕೂತರು. ತಮ್ಮನ ಮಾತನ್ನು ಸ್ಪೀಕರ್‌ನಲ್ಲಿ ಹಾಕಿದೆವು. ಅಣ್ಣ ಬಾಯಿ ತೆರೆಯುವಷ್ಟರಲ್ಲಿ ತಮ್ಮನ ಮುಂದಿನ ಮಾತು. ಎರಡು ಸಲ ಹಾಗೇ ಆಯಿತು. ಮೂರನೆಯ ಸಲ ಕಾಕಾ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟರು.

“ನಿಲ್ಲಸ್ರೆಪಾ. ಇಂವಾ ನನಗ ಮಾತಾಡಾಕಽ ಬಿಡವಲ್ಲ.”

ಯಾರೂ ನಗಲಿಲ್ಲ.

ಈ ಸಲ ಅಣ್ಣನನ್ನೇ ಮೊದಲು ಚಿತ್ರಿಸಿದೆವು. ಬರೆದ ಮಾತುಗಳ ನಡುವೆ, ಬರೆಯದ ಒಂದು ಮಾತೂ ಬಂತು: “ಅಪ್ಪನ ದವಾಖಾನಿ ರೊಕ್ಕಾ ಯಾರು ಕಟ್ಟಿದ್ರು ಅಂತ ಒಮ್ಮೆರ ಕೇಳಿಯೇನು?” ಬಳಿಕ ತಮ್ಮನಾಗಿ ಈಚೆ ಕೂತರು. ಸ್ಪೀಕರ್‌ನಿಂದ ತಮ್ಮದೇ ದನಿಯಲ್ಲಿ ಆ ಪ್ರಶ್ನೆ ಬಂದಾಗ ಉತ್ತರಿಸಲಿಲ್ಲ. ಸುಣ್ಣದ ಗುರುತನ್ನೇ ನೋಡುತ್ತ ಕೂತರು. ಅಷ್ಟರಲ್ಲಿ ಮೋಡ ಕವಿದು ಬಿಸಿಲು ಇಳಿಯಿತು. ಫೋನಿನ ಲಾಕ್ ಧಾರವಾಡದ ಆಕಾಶಕ್ಕೆ ನಡೆಯುವುದಿಲ್ಲ. ಜೋಡಿಸಿದಾಗ ತಮ್ಮನ ಬದಿ ತುಸು ಮಬ್ಬಾಗಿತ್ತು. ಅದನ್ನು ತಿದ್ದಲು ಬರುತ್ತಿತ್ತು. ತಿದ್ದಲಿಲ್ಲ.

ಇದೇ ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ ನಾಟಕ ಆಗ ನನಗೆ ಬೇರೆ ಥರ ಅರ್ಥವಾಯಿತು. ಟಿವಿ ಸ್ಟುಡಿಯೋದಲ್ಲಿ ಒಂಟಿಯಾಗಿರುವ ಲೇಖಕಿ ಮಂಜುಳೆಯನ್ನು ಪರದೆಯ ಮೇಲಿನ ಅವಳ ಬಿಂಬವೇ ಪ್ರಶ್ನಿಸತೊಡಗುತ್ತದೆ. ಆ ಪ್ರಶ್ನೆಗಳೂ ಒಡಹುಟ್ಟಿದವಳನ್ನು ಕುರಿತೇ. ಕನ್ನಡದಲ್ಲಿ ಈ ಪಾತ್ರವನ್ನು ಅರುಂಧತಿ ನಾಗ್ ಮಾಡಿದರು. ಬಿಂಬದ ಮಾತು ಮೊದಲೇ ಮುದ್ರಿತವಾಗಿರುತ್ತದೆ. ಅದು ಯಾರಿಗೂ ಕಾಯುವುದಿಲ್ಲ. ಅದು ಬಿಟ್ಟುಕೊಟ್ಟಷ್ಟು ಜಾಗದಲ್ಲೇ ರಂಗದ ಮೇಲಿರುವ ಜೀವಂತ ನಟಿ ಮಾತಾಡಬೇಕು.

ಇಂಥ ವಿಡಿಯೋ ಮಾಡಬೇಕೆನ್ನುವ ಹುಡುಗರು ಯಾವ ಆ್ಯಪ್ ಎಂದು ಕೇಳುತ್ತಾರೆ. ಯಾವುದಾದರೂ ನಡೆಯುತ್ತದೆ. ಆದರೆ ಒಂದು ಪಾತ್ರ ಎಷ್ಟು ಹೊತ್ತು ಸುಮ್ಮನಿದ್ದು ಕೇಳುತ್ತದೆ ಎಂಬುದನ್ನು ಸೆಕೆಂಡುಗಳಲ್ಲಿ ಬರೆದುಕೊಂಡು ಹೋಗಿ. ನಮ್ಮ ವಿಡಿಯೋದಲ್ಲಿ ಅದು ಹನ್ನೊಂದು ಸೆಕೆಂಡು. ಕಾಕಾ ಅದನ್ನು ತಮ್ಮ ಫೋನಿಗೆ ಹಾಕಿಸಿಕೊಂಡರು. ಹುಬ್ಬಳ್ಳಿಗೆ ಕಳಿಸಿದರೋ ಇಲ್ಲವೋ, ನಾವು ಕೇಳಿಲ್ಲ.