ದೋರಸಮುದ್ರದ ದಂಡೆಯಲ್ಲಿ

ಮನುಷ್ಯನಿಗೆ ದುಡಿಮೆ ಎಷ್ಟು ಅವಶ್ಯಕವೋ ವಿಶ್ರಾಂತಿಯೂ ಅಷ್ಟೇ ಅವಶ್ಯಕವೆಂದು ಬಲ್ಲವರು ಹೇಳುತ್ತಾರೆ. ಆದರೆ ಮೂವತ್ತೈದು ವರ್ಷಗಳನ್ನು ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕಳೆದ ನನ್ನಂಥವನಿಗೆ ವಿಶ್ರಾಂತಿಯೆಂಬುದು ನಿವೃತ್ತಿಯ ನಂತರವೂ ಒಗ್ಗದ ಊಟದಂತೆಯೇ ಆಗಿತ್ತು. ಕಳೆದ ಮಾಘಮಾಸದಲ್ಲಿ ಸಣ್ಣದೊಂದು ಕಾಯಿಲೆಯಿಂದ ಚೇತರಿಸಿಕೊಂಡಾಗ ಮಕ್ಕಳು, "ಮುರುಡೇಶ್ವರವೋ ಗೋಕರ್ಣವೋ, ಯಾವುದಾದರೊಂದು ಸಮುದ್ರತೀರಕ್ಕೆ ಹೋಗಿ ನಾಲ್ಕು ದಿನ ಸುಮ್ಮನೆ ಕುಳಿತು ಬನ್ನಿ" ಎಂದು ಒತ್ತಾಯಿಸಿದರು. ನಾನು ಹೂಂಗುಟ್ಟಿದೆ. ನನ್ನ ಧರ್ಮಪತ್ನಿ ಮಾತ್ರ ತುಸು ಹೊತ್ತು ಸುಮ್ಮನಿದ್ದು, "ಸಮುದ್ರವೇ ಆಗಬೇಕಾದರೆ ಅತ್ತೆಯವರು ಹೇಳುತ್ತಿದ್ದ ಸಮುದ್ರಕ್ಕೇ ಹೋಗೋಣ" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ತಾಯಿಯವರು ಹೇಳುತ್ತಿದ್ದ ಸಮುದ್ರವೆಂದರೆ ಹಳೇಬೀಡಿನ ದೋರಸಮುದ್ರ. ಕನ್ನಡ ನಾಡಿನ ಹಿರಿಯರು ದೊಡ್ಡ ಕೆರೆಗಳನ್ನು ಕಟ್ಟಿಸಿ ಅವುಗಳನ್ನು ಸಮುದ್ರವೆಂದೇ ಕರೆದು ಸಂತೋಷಪಟ್ಟವರು. ಹಳೇಬೀಡಿನ ಕೆರೆಯ ಹೆಸರು ಹೊಯ್ಸಳರ ರಾಜಧಾನಿಗೂ ಹೆಸರಾಗಿ ನಿಂತಿತು. ಬಯಲುಸೀಮೆಯಲ್ಲಿ ಹುಟ್ಟಿ ಬಯಲುಸೀಮೆಯಲ್ಲೇ ಬಾಳಿದ ನಮ್ಮ ತಾಯಿಗೆ ಕಡಲನ್ನು ಕಾಣುವ ಯೋಗ ಬರಲಿಲ್ಲ. "ನಮ್ಮ ಪಾಲಿನ ಸಮುದ್ರ ಅದೇ" ಎಂದು ಆಕೆ ನಗುತ್ತಾ ಹೇಳುತ್ತಿದ್ದುದುಂಟು. ಆದರೆ ಆ ಕೆರೆಯನ್ನೂ ಆಕೆ ಕಂಡವಳಲ್ಲ. ನಮ್ಮೂರಿನಿಂದ ಅದು ಐವತ್ತು ಕಿಲೋಮೀಟರಿಗಿಂತ ದೂರವಿರಲಿಲ್ಲ.

ಅರಸಿಯ ಕೆರೆ

ನಮ್ಮ ಪೂಜ್ಯ ತಂದೆಯವರು ಅರಸೀಕೆರೆ ತಾಲ್ಲೂಕಿನ ಚಿಕ್ಕ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ಬೆಂಗಳೂರಿನಿಂದ ರೈಲಿನಲ್ಲಿ ಹೊರಟ ನಾವು ತುಮಕೂರು, ತಿಪಟೂರುಗಳನ್ನು ದಾಟಿ ತೆಂಗಿನ ತೋಟಗಳ ನಡುವೆ ಸಾಗುತ್ತಿದ್ದಾಗಲೇ ನನಗೆ ಅವರ ನೆನಪು ಒತ್ತರಿಸಿ ಬಂದಿತ್ತು. ಅರಸೀಕೆರೆ ಜಂಕ್ಷನ್ನಿನಲ್ಲಿ ಒಂದು ದಾರಿ ಹುಬ್ಬಳ್ಳಿಯ ಕಡೆಗೂ ಇನ್ನೊಂದು ಹಾಸನದ ಕಡೆಗೂ ಒಡೆಯುತ್ತದೆ. ನಾನು ಕಾಲೇಜು ಸೇರಲೆಂದು ಮೊದಲ ಬಾರಿಗೆ ಊರು ಬಿಟ್ಟಾಗ ತಂದೆಯವರು ಇದೇ ನಿಲ್ದಾಣದಲ್ಲಿ, ಮೀಟರ್ ಗೇಜ್ ಗಾಡಿಯ ಕಿಟಕಿಯ ಬಳಿ ನಿಂತು, ಅಮ್ಮ ಕಟ್ಟಿಕೊಟ್ಟ ಬುತ್ತಿಯ ಗಂಟನ್ನು ನನ್ನ ಕೈಗಿತ್ತಿದ್ದರು.

ಊರಿಗೆ ಅರಸೀಕೆರೆಯೆಂಬ ಹೆಸರು ಬಂದುದು ಹೊಯ್ಸಳ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಎಂದು ಹೇಳುತ್ತಾರೆ. ಇಂದು ಈ ಊರು ಕೊಬ್ಬರಿಯ ಮಾರುಕಟ್ಟೆಗೆ ಹೆಸರಾದುದು. ಇಲ್ಲಿ ಇಳಿಯುವವರಲ್ಲಿ ಬಹುಮಂದಿ ನೇರವಾಗಿ ಬೇಲೂರಿನ ಬಸ್ಸು ಹಿಡಿಯುತ್ತಾರೆ. ಊರಿನಲ್ಲೇ ಇರುವ ಈಶ್ವರ ದೇವಾಲಯವನ್ನು ನೋಡದೆ ಹೋಗುವುದು ನಷ್ಟವೇ ಸರಿ. 1220ರಲ್ಲಿ ನಿರ್ಮಾಣವಾದ ಈ ಗುಡಿಯ ಮುಂದಿನ ತೆರೆದ ಮಂಟಪವು ಹದಿನಾರು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಇಂಥ ಮಂಟಪ ಹೊಯ್ಸಳರ ಗುಡಿಗಳಲ್ಲಿ ಅಪರೂಪದ್ದು. ಒಳಗಿನ ಕಕ್ಷಾಸನದ ಮೇಲೆ ಕುಳಿತು ತಲೆಯೆತ್ತಿದರೆ ಕಲ್ಲಿನ ಛತ್ತು ಅರಳಿದ ಹೂವಿನಂತೆ ತೋರುತ್ತದೆ. ತಂದೆಯವರು ಸಂತೆಗೆ ಬಂದಾಗಲೆಲ್ಲ ಇಲ್ಲಿ ಅರ್ಧ ಗಂಟೆ ಕೂರುತ್ತಿದ್ದರು. ನಾವೂ ಕುಳಿತೆವು.

ಅಲ್ಲಿಂದ ಊರಿಗೆ ಹೋದೆವು. ತೋಟದ ಅಂಚಿನಲ್ಲಿ ತಂದೆತಾಯಿಯರ ಸಮಾಧಿಗಳು ಪಕ್ಕಪಕ್ಕದಲ್ಲಿವೆ. ತಂದೆಯವರು ಲಿಂಗೈಕ್ಯರಾಗಿ ಇಪ್ಪತ್ತೇಳು ವರ್ಷಗಳಾದವು. ತಾಯಿ ಲಿಂಗೈಕ್ಯಳಾಗಿ ಹದಿನಾಲ್ಕು. ಸಮಾಧಿಗಳ ಮೇಲೆ ಬಿದ್ದಿದ್ದ ತೆಂಗಿನ ಗರಿಗಳನ್ನು ತೆಗೆದು, ನೀರೆರೆದು, ವಿಭೂತಿ ಧರಿಸಿ, ಬಿಲ್ವಪತ್ರೆಯನ್ನಿಟ್ಟು ಕೈಮುಗಿದೆವು. ತಾಯಿಯ ಸಮಾಧಿಯ ಮುಂದೆ ನಾನು ಹೇಳಬೇಕಾದುದೊಂದಿತ್ತು, ಹೇಳಲಾಗಲಿಲ್ಲ.

ಎಣಿಕೆಗೆ ಸಿಗದ ಆನೆಗಳು

ಆ ಮಾತನ್ನು ಓದುಗರ ಮುಂದಾದರೂ ಹೇಳಿಬಿಡುತ್ತೇನೆ. ಪ್ರತಿವರ್ಷ ಸುಗ್ಗಿಯ ನಂತರ ತಂದೆಯವರು ಶಾಲೆಯ ಮಕ್ಕಳನ್ನು ಬೇಲೂರು ಹಳೇಬೀಡಿಗೆ ಪ್ರವಾಸ ಕರೆದೊಯ್ಯುತ್ತಿದ್ದರು. ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ನಿದ್ದೆಯೆಂಬುದಿಲ್ಲ. ಅಮ್ಮ ಮೂರು ಗಂಟೆಗೇ ಎದ್ದು, ನೆರೆಯ ಇಬ್ಬರು ಹೆಂಗಸರನ್ನು ಜೊತೆಮಾಡಿಕೊಂಡು, ನಲವತ್ತು ಮಕ್ಕಳಿಗಾಗುವಷ್ಟು ಚಿತ್ರಾನ್ನ ಮಾಡಿ ಬಿದಿರ ಬುಟ್ಟಿಗಳಲ್ಲಿ ಮುತ್ತುಗದ ಎಲೆ ಹಾಸಿ ತುಂಬುತ್ತಿದ್ದಳು. ಗಾಡಿ ಹೊರಟ ಮೇಲೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹಾಸಿಗೆ ಹಿಡಿದ ಅಜ್ಜಿ, ಕರೆಯುವ ಎಮ್ಮೆ, ಒಲೆ, ತೋಟ, ಇವುಗಳನ್ನು ಬಿಟ್ಟು ಆಕೆ ಹೊರಡುವುದಾದರೂ ಹೇಗೆ?

ರಾತ್ರಿ ತಂದೆಯವರು ಹಿಂದಿರುಗಿದಾಗ ಕಾಲಿಗೆ ಬಿಸಿನೀರು ಕೊಟ್ಟು ಆಕೆ ಕೇಳುತ್ತಿದ್ದ ಮೊದಲ ಪ್ರಶ್ನೆ, "ಈ ಸಲ ಆನೆ ಎಷ್ಟಾಯಿತು?" ಹಳೇಬೀಡಿನ ಗುಡಿಯ ಸುತ್ತಲೂ ಕೆತ್ತಿರುವ ಆನೆಗಳ ಸಾಲನ್ನು ತಂದೆಯವರು ಮಕ್ಕಳಿಂದ ಎಣಿಸುತ್ತಿದ್ದರು. ಒಬ್ಬನ ಲೆಕ್ಕ ಇನ್ನೊಬ್ಬನ ಲೆಕ್ಕಕ್ಕೆ ಎಂದೂ ಹೊಂದುತ್ತಿರಲಿಲ್ಲ. "ತಾಳೆಯಾಗಲಿಲ್ಲ. ಮುಂದಿನ ವರ್ಷ ನೀನೇ ಬಂದು ಎಣಿಸು" ಎಂದು ತಂದೆಯವರು ನಗುತ್ತಿದ್ದರು. ಆ ಮುಂದಿನ ವರ್ಷ ಅವರ ಜೀವಿತದಲ್ಲಿ ಬರಲಿಲ್ಲ.

ತಂದೆಯವರು ತೀರಿಕೊಂಡ ಮೇಲೆ ತಾಯಿ ಬೆಂಗಳೂರಿಗೆ ನಮ್ಮೊಡನೆ ಇರಲು ಬಂದಳು. ನನ್ನಲ್ಲಿ ಆಗ ಕಾರೂ ಇತ್ತು. ಒಂದು ಸಂಜೆ ಆಕೆ ತಾನಾಗಿ, "ಒಮ್ಮೆ ಆ ದೋರಸಮುದ್ರದ ದಂಡೆಗೆ ಕರೆದುಕೊಂಡು ಹೋಗುತ್ತೀಯಾ ಮಗ?" ಎಂದು ಕೇಳಿದಳು. "ಮುಂದಿನ ತಿಂಗಳು ಅಮ್ಮ" ಎಂದೆ. ಮುಂದಿನ ತಿಂಗಳು ಲೆಕ್ಕಪರಿಶೋಧನೆ ಬಂದಿತು. ಆಮೇಲೆ ಮಕ್ಕಳ ಪರೀಕ್ಷೆ, ಆಮೇಲೆ ಬಡ್ತಿ, ಆಮೇಲೆ ಮನೆ ಕಟ್ಟುವ ಕೆಲಸ. ಆಕೆ ಎರಡನೆಯ ಬಾರಿ ಕೇಳಲಿಲ್ಲ. ಕೇಳಿದ್ದರೆ ಕರೆದೊಯ್ಯುತ್ತಿದ್ದೆನೆಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಕ್ಕಳನ್ನು ಎರಡನೆಯ ಬಾರಿ ಕೇಳುವ ತಾಯಂದಿರು ಅಪರೂಪವೆಂಬುದು ಈಗ ತಿಳಿಯುತ್ತದೆ.

ವೇಲಾಪುರಿ

ಅರಸೀಕೆರೆಯಿಂದ ಬಾಣಾವರ, ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಸುಮಾರು 40 ಕಿಲೋಮೀಟರ್. ಅಲ್ಲಿಂದ ಬೇಲೂರಿಗೆ 16. ಹಳೇಬೀಡನ್ನು ಹಿಂದಿರುಗುವಾಗ ನಿಧಾನವಾಗಿ ನೋಡೋಣವೆಂದು ನಿಶ್ಚಯಿಸಿ, ಕೆರೆಯನ್ನು ವಾಹನದಿಂದಲೇ ನೋಡುತ್ತಾ ಬೇಲೂರಿಗೆ ಹೋಗಿ ರಾತ್ರಿ ತಂಗಿದೆವು.

ಯಗಚಿ ನದಿಯ ದಡದ ಬೇಲೂರಿಗೆ ವೇಲಾಪುರಿಯೆಂದೂ ಹೆಸರುಂಟು. ಮರುದಿನ ಬೆಳಗ್ಗೆ ರಾಯಗೋಪುರವನ್ನು ದಾಟಿ ಒಳಹೊಕ್ಕಾಗ ಅಂಗಳದ ಕಲ್ಲು ಇನ್ನೂ ತಣ್ಣಗಿತ್ತು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತಿದೆ. ಹೊರಗೆ 38, ನವರಂಗದೊಳಗೆ 4, ಹೀಗೆ 42 ಮದನಿಕೆಯರ ವಿಗ್ರಹಗಳನ್ನು ಎಷ್ಟು ನೋಡಿದರೂ ತೃಪ್ತಿಯಿಲ್ಲ. ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯ ಮುಂದೆ ಶಾಲೆಯ ಹುಡುಗಿಯರ ಗುಂಪೊಂದು ತಮ್ಮ ಜಡೆಗಳನ್ನು ಸರಿಪಡಿಸಿಕೊಳ್ಳುತ್ತಿತ್ತು.

ಈ ಗುಡಿಗಳ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ತಂದೆಯವರು ಇದನ್ನು ತೋರಿಸಿ, "ನೀವೂ ಈಗ ಬಳಪದ ಕಲ್ಲು, ಕೆತ್ತಿಸಿಕೊಳ್ಳುವುದಿದ್ದರೆ ಈಗಲೇ" ಎಂದು ಮಕ್ಕಳಿಗೆ ಹೇಳುತ್ತಿದ್ದರು. ಕಪ್ಪೆ ಚೆನ್ನಿಗರಾಯನ ಮುಂದೆ ನಿಂತು, ತಂದೆ ಜಕಣಾಚಾರಿಯ ತಪ್ಪನ್ನು ಮಗ ಡಂಕಣ ಎತ್ತಿತೋರಿಸಿದ ಕಥೆಯನ್ನೂ ಹೇಳುತ್ತಿದ್ದರು. ಕಥೆ ಕಥೆಯೇ. ಶಿಲ್ಪಗಳ ಕೆಳಗೆ ಕೆತ್ತಿರುವ ಹೆಸರುಗಳಲ್ಲಿ ಮುಖ್ಯವಾದವು ದಾಸೋಜ ಮತ್ತು ಅವನ ಮಗ ಚಾವಣನವು. ಇವರು ಬಳ್ಳಿಗಾವಿಯವರು, ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ನಾವೆಲ್ಲ ನೆನೆಯುವ ಅದೇ ಬಳ್ಳಿಗಾವಿ. ತಂದೆಯೂ ಮಗನೂ ಒಂದೇ ಗುಡಿಯ ನೆರಳಿನಲ್ಲಿ ಉಳಿ ಹಿಡಿದು ದುಡಿದರೆಂಬುದು ಕಥೆಗಿಂತಲೂ ನನಗೆ ಹೆಚ್ಚು ಹಿತವಾಗಿ ಕಂಡಿತು.

ಬೇಲೂರಿನಲ್ಲಿ ನಮ್ಮವರು ನೆನೆಯಬೇಕಾದ ಇನ್ನೊಂದು ಹೆಸರು ಕೆರೆಯ ಪದ್ಮರಸನದು. ಹೊಯ್ಸಳ ನರಸಿಂಹನ ಬಳಿ ಮಂತ್ರಿಯಾಗಿದ್ದ ಈ ಶಿವಭಕ್ತನು ಇಲ್ಲಿ ಕೆರೆ ಕಟ್ಟಿಸಿದುದರಿಂದಲೇ ಆ ಹೆಸರು ಪಡೆದನೆಂದು ಪ್ರತೀತಿ.

ಹಳೆಯ ಬೀಡು

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಹಳೇಬೀಡಿಗೆ ಬಂದೆವು. ವಿಷ್ಣುವರ್ಧನನ ಅಧಿಕಾರಿಯಾದ ಕೇತಮಲ್ಲನು 1121ರ ಸುಮಾರಿನಲ್ಲಿ ಕಟ್ಟಿಸಲಾರಂಭಿಸಿದ ಹೊಯ್ಸಳೇಶ್ವರ ದೇವಾಲಯವು ಎರಡು ಗರ್ಭಗುಡಿಗಳ ಶಿವಾಲಯ. ಒಂದರಲ್ಲಿ ಹೊಯ್ಸಳೇಶ್ವರ, ಇನ್ನೊಂದರಲ್ಲಿ ಶಾಂತಲೇಶ್ವರ. ಎರಡಕ್ಕೂ ಎದುರಾಗಿ ಎರಡು ಭಾರಿ ನಂದಿಗಳು ಎಂಟು ನೂರು ವರ್ಷಗಳಿಗೂ ಮೀರಿ ಲಿಂಗದಿಂದ ಕಣ್ಣು ಕೀಳದೆ ಕುಳಿತಿವೆ. ಗುಡಿಗೆ ಶಿಖರವಿಲ್ಲ. ಕೆಲವೆಡೆ ಉಳಿಯ ಕೆಲಸ ಅರ್ಧಕ್ಕೇ ನಿಂತಿದೆ. 1311ರಲ್ಲಿ ಮಲಿಕ್ ಕಾಫರನ ದಂಡು ಇಲ್ಲಿಗೆ ಬಂದಿತು. ಮುಂದಿನ ದಶಕಗಳಲ್ಲಿ ರಾಜಧಾನಿ ಹಾಳಾಗಿ, ದೋರಸಮುದ್ರವು ಹಳೆಯ ಬೀಡಾಯಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ತಂದೆಯವರು ಇದ್ದಿದ್ದರೆ ಅಂದು ಶಾಲೆಗೆ ರಜೆ ಕೊಟ್ಟು ಮಕ್ಕಳಿಗೆ ಬೆಲ್ಲ ಹಂಚುತ್ತಿದ್ದರು.

ನಾನು ಆನೆಗಳನ್ನು ಎಣಿಸಲು ತೊಡಗಿದೆ. ಗೋಡೆಯ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಆಮೇಲೆ ಲತೆಯ ಪಟ್ಟಿ, ಕುದುರೆಗಳು, ಮತ್ತೆ ಲತೆ, ಅದರ ಮೇಲೆ ಪುರಾಣಕಥೆಗಳು, ಮಕರಗಳು, ಕೊನೆಗೆ ಹಂಸಗಳು. ಗೋಡೆಯ ಮೂಲೆ ಮೂಲೆಗೂ ತಿರುಗುತ್ತಾ ನೂರನ್ನು ದಾಟುವಷ್ಟರಲ್ಲೇ ಲೆಕ್ಕ ತಪ್ಪಿತು. ಮೂವತ್ತೈದು ವರ್ಷ ಲೆಕ್ಕ ತಪ್ಪದೆ ಬರೆದವನು ಕಲ್ಲಾನೆಗಳ ಮುಂದೆ ಸೋತು ನಿಂತೆ.

ಅಷ್ಟರಲ್ಲಿ ನನ್ನ ಪತ್ನಿ ಕರೆದಳು. ಲತೆಯ ಪಟ್ಟಿಯ ಮುಂದೆ ಬಗ್ಗಿ ನಿಂತು, "ಇಲ್ಲಿ ನೋಡಿ, ಇದು ಅತ್ತೆಯವರ ಹೊಸಿಲಿನ ರಂಗೋಲಿ" ಎಂದಳು. ನೋಡಿದೆ. ಬಳ್ಳಿ ಒಮ್ಮೆ ಮೇಲಕ್ಕೆ ಸುರುಳಿಯಾಗಿ, ಒಮ್ಮೆ ಕೆಳಕ್ಕೆ ಸುರುಳಿಯಾಗಿ, ಅಲೆಯಂತೆ ಸಾಗುತ್ತದೆ. ಸುರುಳಿಯೊಳಗೆ ಎಲೆ, ಎಲೆಯ ತುದಿ ಹಿಂದಕ್ಕೆ ಬಾಗಿದೆ. ಹಬ್ಬದ ದಿನಗಳಲ್ಲಿ ಅಮ್ಮ ಹೊಸಿಲಿನ ಉದ್ದಕ್ಕೂ ಬರೆಯುತ್ತಿದ್ದ ಬಳ್ಳಿ ಇದೇ. ಸುತ್ತಲಿನ ಯಾವ ಮನೆಯಲ್ಲಿಯೂ ಅಂಥ ರಂಗೋಲಿ ಇರಲಿಲ್ಲ. ಒಮ್ಮೆ ತನ್ನ ಸೊಸೆಗೆ ಕಲಿಸುವಾಗ ಆಕೆ ಹೇಳಿದ್ದಳಂತೆ: "ಇದನ್ನು ನಿಮ್ಮ ಮಾವನವರು ಮಕ್ಕಳ ಪಾಟಿಯ ಮೇಲೆ ಬರೆದುಕೊಂಡು ಬಂದು ತೋರಿಸಿದ್ದರು. ಅಲ್ಲಿಗೆ ಹೋಗಲಾಗದಿದ್ದರೇನು, ಬಾಗಿಲಿಗೇ ಬಂದಿದೆಯಲ್ಲ."

ಈ ಮಾತು ಇಷ್ಟು ವರ್ಷ ನನ್ನ ಕಿವಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೂ ನಾನು ಕೇಳಿಸಿಕೊಳ್ಳುವಷ್ಟು ಬಿಡುವಾಗಿರಲಿಲ್ಲ. ಬೆಂಗಳೂರಿನ ಮನೆಯಲ್ಲೂ ಆಕೆ ಅದೇ ಬಳ್ಳಿಯನ್ನು ಬರೆಯುತ್ತಿದ್ದಳು. ಕಚೇರಿಯ ಅವಸರದಲ್ಲಿ ನಾನು ಅದನ್ನು ದಾಟಿಕೊಂಡು ಹೋಗುತ್ತಿದ್ದೆ.

ಗುಡಿಯಿಂದ ಹೊರಬಂದು ಕೆರೆಯ ದಂಡೆಯಲ್ಲಿ ಕುಳಿತೆವು. ಗಾಳಿಗೆ ನೀರು ಸಣ್ಣ ತೆರೆಗಳಾಗಿ ದಂಡೆಯ ಕಲ್ಲನ್ನು ಮುಟ್ಟಿ ಹಿಂದಿರುಗುತ್ತಿತ್ತು. ಹರಿಹರ ಮಹಾಕವಿಯು ಈ ದೋರಸಮುದ್ರದಲ್ಲಿ ಹೊಯ್ಸಳ ದೊರೆಯ ಕರಣಿಕನಾಗಿದ್ದು, ಲೆಕ್ಕದ ಕಡತವನ್ನು ತೊರೆದು ವಿರೂಪಾಕ್ಷನ ಸನ್ನಿಧಿಗೆ ಹಂಪೆಗೆ ಹೊರಟುಹೋದನೆಂಬ ಐತಿಹ್ಯ ನೆನಪಾಯಿತು. ಆತನೂ ಲೆಕ್ಕದವನು, ನಾನೂ ಲೆಕ್ಕದವನು. ಆತ ಕಡತವನ್ನು ಸಕಾಲದಲ್ಲಿ ಕಟ್ಟಿಟ್ಟ. ತಾಯಿಯ ಒಂದು ದಿನದ ಆಸೆಗಾಗಿ ಅದನ್ನು ಕಟ್ಟಿಡುವುದು ನನ್ನಿಂದಾಗಲಿಲ್ಲ.

ಪತ್ನಿ ಬುತ್ತಿ ಬಿಚ್ಚಿದಳು. ಚಿತ್ರಾನ್ನ. ಮುತ್ತುಗದ ಎಲೆ ಸಿಕ್ಕಿರಲಿಲ್ಲವೆಂದು ಬಾಳೆಯೆಲೆಯಲ್ಲಿ ಕಟ್ಟಿಸಿಕೊಂಡು ಬಂದಿದ್ದಳು. ಕತ್ತಲಾಗುವವರೆಗೂ ಅಲ್ಲಿಯೇ ಕುಳಿತಿದ್ದೆವು. ಮಕ್ಕಳು ಹೇಳಿದ ವಿಶ್ರಾಂತಿ ಅಲ್ಲಿ ದೊರೆಯಿತು. ಅಮ್ಮ ಹಳೇಬೀಡನ್ನು ಹೊಸಿಲಿನಲ್ಲೇ ಕಂಡಳೆಂದು ತಿಳಿದು ಮನಸ್ಸು ಹಗುರಾದುದು ನಿಜ. ಆದರೆ ಅದರಿಂದ ನನ್ನ ತಪ್ಪು ಅಳಿಸಿಹೋಯಿತೆಂದು ನಾನು ಹೇಳಲಾರೆ. ಆಕೆ ಇದ್ದುದರಲ್ಲಿ ತೃಪ್ತಳಾದುದು ಆಕೆಯ ದೊಡ್ಡತನ. ಕರೆದೊಯ್ಯದಿದ್ದುದು ನನ್ನ ಸಣ್ಣತನ. ಎರಡನ್ನೂ ಒಂದೇ ಪುಟದಲ್ಲಿ ಬರೆದು ಸರಿತೂಗಿಸಲು ಬರುವುದಿಲ್ಲ.

ಬೇಲೂರು ಹಳೇಬೀಡಿಗೆ ಹೋಗುವ ನಮ್ಮ ಬಂಧುಗಳು ಅರಸೀಕೆರೆಯಲ್ಲಿ ಇಳಿದು ಹೋಗಲಿ; ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಅವಸರ ಬೇಡ. ಸಂಜೆಯ ಒಂದು ಗಂಟೆಯನ್ನು ಕೆರೆಯ ದಂಡೆಗೆಂದು ಉಳಿಸಿಕೊಳ್ಳಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕರೆದುಕೊಂಡೇ ಹೊರಡಿ. ಮೆಟ್ಟಿಲು ಹತ್ತಲಾಗದಿದ್ದರೆ ಅಂಗಳದಲ್ಲಿ ಕೂರಿಸಿರಿ, ಅಷ್ಟೇ ಸಾಕು. ಈ ಸಲದ ಯುಗಾದಿಗೆ ನಮ್ಮ ಮನೆಯ ಹೊಸಿಲಿನಲ್ಲಿ ಬಳ್ಳಿಯ ರಂಗೋಲಿಯನ್ನು ನನ್ನ ಪತ್ನಿ ಬರೆದಳು. ಮೊಮ್ಮಗಳು ಪಕ್ಕದಲ್ಲಿ ಕುಳಿತು ಎಲೆಗಳನ್ನು ತುಂಬಿದಳು. ನಾನು ಅದನ್ನು ದಾಟದೆ, ಹಿತ್ತಲ ಬಾಗಿಲಿನಿಂದ ಹೊರಗೆ ಹೋದೆ.